ಕರೆಂಟಿಲ್ಲದ ಗಿಟಾರು

೧೫ ಜೂನ್ ೧೯೯೮, ನಂಜನಗೂಡು

ಮೈಸೂರಿನ ಕಿವಿ ಡಾಕ್ಟರಿಗೆ ಹೆಚ್ಚೆಂದರೆ ನನ್ನ ವಯಸ್ಸು, ಮೂವತ್ತೊಂದು. ಪೆಟ್ಟಿಗೆಯಂಥ ಕೋಣೆಯಲ್ಲಿ ನನ್ನನ್ನು ಕೂರಿಸಿ, ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದ. ಎಡಗಿವಿಯ ಸರದಿಗೆ ನಾನು ಸುಮ್ಮನೆ ಕೂತಿದ್ದೆ. ಇನ್ನೂ ಶುರು ಮಾಡಿಲ್ಲ ಅಂದುಕೊಂಡಿದ್ದೆ. ಗಾಜಿನ ಆಚೆ ಅವನು ತಲೆ ಅಲ್ಲಾಡಿಸುತ್ತ ಏನೋ ಬರೆದುಕೊಳ್ಳುವುದು ಕಂಡ ಮೇಲೆ ಗೊತ್ತಾಯಿತು, ಶುರುವಾಗಿ ಮುಗಿಯುತ್ತಲೂ ಬಂದಿದೆ ಅಂತ.

ಎಡಗಿವಿ ಮುಕ್ಕಾಲು ಹೋಗಿದೆಯಂತೆ. ಬಲಗಿವಿ ಅದೇ ದಾರಿ ಹಿಡಿದಿದೆಯಂತೆ. ಏನು ಕೆಲಸ ಎಂದು ಕೇಳಿದ. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಎಂದೆ. ಅದಕ್ಕೆಲ್ಲ ಕಿವಿ ಹೀಗಾಗುವುದಿಲ್ಲ ಎಂದ. ಆಮೇಲೆ ಬಾಯಿ ಬಿಟ್ಟೆ: ರಾಕ್ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರು, ಒಂಬತ್ತು ವರ್ಷ, ಎಡಕ್ಕೆ ಆಂಪ್ಲಿಫೈಯರು, ಬೆನ್ನ ಹಿಂದೆ ಡ್ರಮ್ಸು. ಅವನು ನಕ್ಕ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನೆತ್ತಿ ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು.

'ಇವತ್ತಿಂದ್ಲೇ ನಿಲ್ಸಿ. ಇಲ್ಲಾಂದ್ರೆ ನಲವತ್ತಕ್ಕೆ ಎರಡೂ ಇರಲ್ಲ. ಸಂಗೀತ ಬೇಕೇ ಬೇಕು ಅಂದ್ರೆ ಕರೆಂಟಿಲ್ಲದ್ದು ಏನಾದ್ರೂ ನುಡಿಸ್ಕೊಳ್ಳಿ. ಭಜನೆ, ಜಾನಪದ, ಆ ಥರದ್ದು.'

ಜಾನಪದ. ಎರಡು ಹಲ್ಲಿನ ಮುದುಕರು, ಬೆಂಡಾದ ತಂತಿ. ನಾನು ಸತ್ತರೂ ಇಲ್ಲ.

ಅಮ್ಮನಿಗೆ ಹೇಳಿಲ್ಲ, ಬ್ಯಾಂಡಿಗೆ ಹೇಳುವುದಿಲ್ಲ. ಒಳಗೆ ಇಟ್ಟುಕೊಂಡರೆ ತಲೆ ಸಿಡಿಯುತ್ತದೆ ಅಂತ ಬರುವಾಗ ಈ ನೋಟ್‌ಬುಕ್ ತಂದೆ. ಇದಕ್ಕೆ ಕಿವಿಯಿಲ್ಲ, ಬಾಯಿಯೂ ಇಲ್ಲ.

೨೧ ಜೂನ್

ತಾಂಡವಪುರದಲ್ಲಿ ಪ್ರಾಕ್ಟೀಸು. ಚಂದ್ರಶೇಖರನ ಅಪ್ಪನ ಹಳೇ ಕೋಳಿ ಶೆಡ್ಡು ನಮ್ಮ 'ಬ್ಲ್ಯಾಕ್ ಫ್ಯೂಸ್' ಬ್ಯಾಂಡಿನ ಅರಮನೆ. ಹಾಡುವವನು ಚಂದ್ರು, ಮೈಕು ಆಂಪು ಎಲ್ಲ ಅವನದೇ. ಅದಕ್ಕೇ ಅವನ ಮಾತೂ ಎಲ್ಲರಿಗಿಂತ ಜೋರು.

ಮೂರನೇ ಹಾಡಿನ ನಡುವೆ ಅವನು ಕೈ ಎತ್ತಿ ನಿಲ್ಲಿಸಿದ. 'ಅಮೃತೇಶ, ನಿನ್ನ ವಾಲ್ಯೂಮ್ ಇಳಿಸೋ. ಡ್ರಮ್ಸೇ ಕೇಳಿಸ್ತಿಲ್ಲ.'

'ಇಳಿಸೇ ಇದೀನಿ,' ಎಂದೆ.

'ಎಲ್ಲೋ ಇಳ್ಸಿದೀಯ? ಎಂಟರಲ್ಲಿದೆ! ಎರಡು ತಿಂಗಳಿಂದ ಹೇಳ್ತಿದೀನಿ. ನಿಂಗೆ ನಿನ್ನ ಗಿಟಾರ್ ಬಿಟ್ರೆ ಬೇರೆ ಯಾರೂ ಬೇಡ ಕಣೋ.'

ನಿಜ ಏನೆಂದರೆ ಎಂಟಕ್ಕಿಟ್ಟರೂ ನನ್ನ ಗಿಟಾರು ಪಕ್ಕದ ಊರಿನಲ್ಲಿ ಬಾರಿಸಿದ ಹಾಗಿತ್ತು. ಅದನ್ನು ಹೇಳುವುದಕ್ಕಿಂತ ಅಹಂಕಾರಿ ಅನ್ನಿಸಿಕೊಳ್ಳುವುದು ವಾಸಿ. ಚಂದ್ರು ತಾನೇ ಬಂದು ಗುಂಡಿ ತಿರುಗಿಸಿದ. ನಾನು ಮತ್ತೆ ಏರಿಸಿದೆ. ಅವನು ಮತ್ತೆ ಇಳಿಸಿದ. ಕಾಲೆತ್ತಿ ಆಂಪ್ಲಿಫೈಯರಿಗೆ ಒದ್ದೆ, ಅದು ಮಗುಚಿ ಬಿತ್ತು.

ಬ್ಯಾಂಡ್ ಬಿಟ್ಟೆ. ಅವರು ಬಿಡಿಸಿದರು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

೩ ಜುಲೈ

ಎಡಗಿವಿಯೊಳಗೆ ಶಿಳ್ಳೆ. ಪ್ರೆಷರ್ ಕುಕ್ಕರು ಇಳಿಸುವವರಿಲ್ಲದ ಮನೆಯ ಹಾಗೆ, ಹಗಲೂ ರಾತ್ರಿ.

೧೯ ಆಗಸ್ಟ್

ಬ್ಯಾಂಡಿಗೆ ಹೊಸ ಗಿಟಾರಿನವನು ಸಿಕ್ಕಿದ್ದಾನೆ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಪೋಸ್ಟರು. ನಾನು ನಿಲ್ಲುವ ಜಾಗದಲ್ಲಿ ಅವನು, ಕೂದಲು ಇಳಿಬಿಟ್ಟುಕೊಂಡು. ಅಂಗಡಿಗೆ ಹೋಗಬೇಕಾದರೆ ದಿನಕ್ಕೆರಡು ಸಲ ಅವನ ಮುಖ ನೋಡಬೇಕು.

ಸಂಜೆ ಭಾವ ಬಂದರು. ಅಕ್ಕ ಶಿವಾನಿಯ ಗಂಡ ಬಸವಯ್ಯ, ಟಿ. ನರಸೀಪುರದಲ್ಲಿ ಮೇಷ್ಟ್ರು. ಯಾರಿಗೂ ಕೆಟ್ಟವರಾಗಬಾರದು ಅನ್ನುವುದೇ ಅವರ ಜೀವನದ ಪಾಠ. ಹಳ್ಳಿಯವರಿಗೆ ಓದು ಕಲಿಸುವ ಸಾಕ್ಷರತಾ ಜಾಥಾ ಶುರುವಾಗುತ್ತಿದೆಯಂತೆ. ಊರೂರಿಗೆ ಹೋಗಿ ಹಾಡಿ ಜನ ಸೇರಿಸಬೇಕು. ಅವರ ತಂಡಕ್ಕೆ ವಾದ್ಯದವನೊಬ್ಬ ಬೇಕು.

'ಗಿಟಾರ್ ಹಿಡ್ಕೊಂಡು ಹೋದ್ರೆ ಹೊಸ ಥರ ಇರುತ್ತಪ್ಪಾ,' ಎಂದರು. 'ಆದ್ರೆ ಆ ಕರೆಂಟಿನದಲ್ಲ. ಅರ್ಧ ಊರಲ್ಲಿ ಕರೆಂಟೇ ಇರಲ್ಲ. ಮರದ್ದಿದೆಯಲ್ಲ ನಿನ್ನ ಹತ್ರ, ಅದನ್ನ ತಗೊಂಡ್ಬಾ.'

ಮರದ ಗಿಟಾರು ಅಟ್ಟದಲ್ಲಿತ್ತು. ಕಲಿಯುವಾಗ ಕೊಂಡದ್ದು. ಅದನ್ನು ಮುಟ್ಟಿ ಒಂಬತ್ತು ವರ್ಷವಾಗಿತ್ತು.

'ಹೋಗ್ಬಾರೋ. ಮನೇಲಿ ಕೂತು ಗೋಡೆ ನೋಡ್ತೀಯ,' ಅಂದಳು ಅಮ್ಮ.

ಒಪ್ಪಿಕೊಂಡೆ. ಹಳ್ಳಿಯವರು ಓದಲಿ ಬಿಡಲಿ, ನನಗೇನಾಗಬೇಕು? ಆ ಪೋಸ್ಟರು ಹರಿದುಹೋಗುವವರೆಗೆ ಈ ಊರಿನಲ್ಲಿರಬಾರದು, ಅಷ್ಟೆ.

೭ ಸೆಪ್ಟೆಂಬರ್, ಟಿ. ನರಸೀಪುರ

ಶಾಲೆಯ ಹಜಾರದಲ್ಲಿ ತರಬೇತಿ. ನನ್ನ ತಂಡದಲ್ಲಿ ಇನ್ನಿಬ್ಬರು.

ಒಬ್ಬಳು ಸೋಸಲೆಯ ವಿಶಾಲಮ್ಮ. ಐವತ್ತೈದರ ಹೆಂಗಸು. ಬೆಳಿಗ್ಗೆ ಎಮ್ಮೆ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹತ್ತಿ ಬರುತ್ತಾಳೆ. ಮದುವೆ ಮನೆಗಳಲ್ಲಿ ಸೋಬಾನೆ ಹಾಡಿ ಹಾಡಿ ಗಂಟಲು ತಗಡಿನ ಹಾಗೆ ಆಗಿದೆ.

ಇನ್ನೊಬ್ಬ ಚಿಕ್ಕಮಾದು. ಅರವತ್ತು ದಾಟಿದ ಮುದುಕ, ತಂಬೂರಿ ಪದದವನು. ನರಸೀಪುರದ ಆಚೆಯ ಕೇರಿಯವನು. ನಾನು ಕುರ್ಚಿಯಲ್ಲಿ ಕೂತಾಗ ಅವನು ಹೇಳಿಸಿಕೊಳ್ಳದೇ ನೆಲದಲ್ಲಿ ಕೂತ. ಗಿಟಾರನ್ನು ಮೇಲಿಂದ ಕೆಳಗೆ ನೋಡಿದ.

'ಆರ್ ತಂತಿ ಯಾಕ್ ಸಾ?' ಎಂದು ಕೇಳಿದ.

'ಆರು ಇರುತ್ತೆ.'

'ನಮ್ದ್ರಾಗೆ ನಾಕೇ ಇರದು. ನಲವತ್ ವರ್ಸ ಆಯ್ತು. ಸಾಲ್ದು ಅಂತ ಒಂದ್ ದಿನಾನೂ ಅನ್ಸಿಲ್ಲ.'

ಭಾವ ನಕ್ಕರು. ನಾನು ನಗಲಿಲ್ಲ. ಉತ್ತರವಾಗಿ ಎದ್ದು ನಿಂತು ಮರದ ಗಿಟಾರಿನಲ್ಲೇ ನನ್ನ ಅತಿ ವೇಗದ ಸೋಲೋ ಒಂದನ್ನು ಬಾರಿಸಿದೆ. ಬೆರಳಿನ ತುದಿ ಸುಲಿಯಿತು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕ ತಟ್ಟಲಿಲ್ಲ.

'ಏನೋ ಅಟ್ಟಿಸ್ಕಂಡ್ ಬತ್ತಾ ಅದೆ ಸಾ ನಿಮ್ನ?' ಎಂದ.

ಇವನ ಜೊತೆ ಮೂರು ತಿಂಗಳು.

೧೨ ಸೆಪ್ಟೆಂಬರ್

ಮುದುಕನಿಗೆ ಶ್ರುತಿ ಎಂಬುದೇ ಇಲ್ಲ. ನಿನ್ನೆ ಹಾಡಿದ ಜಾಗದಲ್ಲಿ ಇವತ್ತು ಹಾಡುವುದಿಲ್ಲ. ನಾನು ನಿನ್ನೆಯ ಶ್ರುತಿಗೆ ತಂತಿ ಬಿಗಿದು ಕೂತರೆ ಅವನು ಒಂದೂವರೆ ಸ್ವರ ಕೆಳಗಿನಿಂದ ಎತ್ತುತ್ತಾನೆ.

'ನಿನ್ನ ಶ್ರುತಿ ಯಾವುದಯ್ಯಾ? ಒಂದನ್ನ ಗಟ್ಟಿ ಮಾಡ್ಕೋ,' ಎಂದೆ.

'ನನ್ ಗಂಟ್ಲು ಬೆಳಿಗ್ಗೆ ಒಂದ್ ಕಡೆ ಇರ್ತದೆ, ಬೈಗ್ ಒಂದ್ ಕಡೆ ಇರ್ತದೆ ಸಾ. ಅದು ಎಲ್ಲದೆ ಅಂತ ಕೇಳಿ ನೋಡ್ಬುಟ್ಟು ನೀವು ಬನ್ನಿ. ಕೇಳ್ದೇ ಬಂದ್ರೆ ನಾನೇನ್ ಮಾಡ್ಲಿ?'

ಕೇಳಿ ನೋಡಬೇಕಂತೆ. ನನ್ನ ಎಡಕ್ಕೆ ಕೂತು ಅವನು ತಂಬೂರಿ ಮೀಟಿದರೆ ನನಗೆ ಕೇಳುವುದು ನನ್ನದೇ ಶಿಳ್ಳೆ. ಜಾಗ ಬದಲಿಸೋಣ ಎಂದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಅವನ ಸದ್ದು ನನಗೆ ಬೇಕಾಗಿಯೇ ಇಲ್ಲ ಅನ್ನುವ ಹಾಗೆ ಜೋರಾಗಿ ಬಾರಿಸಿದೆ.

'ಕಿವಿ ಕೇಳಕಿಲ್ವೇನಪ್ಪಾ ನಿಂಗೆ?' ಎಂದಳು ವಿಶಾಲಮ್ಮ, ಬೈಯುವ ಧಾಟಿಯಲ್ಲಿ. ಬಾಯಿ ಮುಚ್ಚಿಕೊಂಡು ನಿನ್ನ ಸೋಬಾನೆ ನೋಡ್ಕೋ ಎಂದುಬಿಟ್ಟೆ. ಮಧ್ಯಾಹ್ನದ ಮೇಲೆ ತನ್ನ ಚಾಪೆ ಎತ್ತಿಕೊಂಡು ಬಂದು ನನ್ನ ಬಲಕ್ಕೆ ಕೂತಳು. ಜಾಗ ಹಿಡಿಯುವುದರಲ್ಲಿ ಬಸ್ಸಿನವರನ್ನೂ ಮೀರಿಸುತ್ತಾಳೆ.

೪ ಅಕ್ಟೋಬರ್

ಮೊದಲ ಕಾರ್ಯಕ್ರಮ, ಸೋಸಲೆಯಲ್ಲಿ. ಮುನ್ನೂರು ಜನ ಇದ್ದಿರಬಹುದು.

ಅಕ್ಷರದ ಹಾಡುಗಳೆರಡು ಮುಗಿದ ಮೇಲೆ ಮುದುಕ ತನ್ನ ಪದ ಎತ್ತಿದ. 'ಮಡಕೆ ಒಡೆದ ಮ್ಯಾಲೆ ನೀರಿಗೆ ಮನೆಯೆಲ್ಲಿ' ಎಂದು ಶುರುವಾಗುತ್ತದೆ. ಜನ ಸುಮ್ಮನಾದರು. ನನ್ನ ಗಿಟಾರಿಗೆ ಅಷ್ಟು ಹೊತ್ತು ಯಾರೂ ಹಾಗೆ ಸುಮ್ಮನಾಗಿರಲಿಲ್ಲ. ಅದನ್ನು ನನಗೆ ಸಹಿಸಲಾಗಲಿಲ್ಲ. ಮೈಕಿನ ಹತ್ತಿರಕ್ಕೆ ಗಿಟಾರು ತಂದು, ಅವನ ಎರಡನೇ ಸಾಲಿನ ಮೇಲೆ ನನ್ನ ಕೈಚಳಕವನ್ನೆಲ್ಲ ಸುರಿದೆ.

ಅವನು ಹಾಡು ನಿಲ್ಲಿಸಿದ. ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೈಕಟ್ಟಿ ನನ್ನನ್ನೇ ನೋಡುತ್ತ ಕೂತ. ನಾನು ಇನ್ನೂ ಅರ್ಧ ನಿಮಿಷ ಬಾರಿಸಿರಬೇಕು. ಕೈ ನಿಲ್ಲಿಸಿದಾಗ ಜನರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು.

'ಮುಗೀತಾ ಸಾ?' ಎಂದು ಮೈಕಿನಲ್ಲೇ ಕೇಳಿದ. 'ಮುಗುದ್ರೆ ಯೋಳಿ, ಮಿಕ್ಕಿದ್ ನಾನ್ ಯೋಳ್ಬುಡ್ತೀನಿ.'

ಮುನ್ನೂರು ಜನ ನಕ್ಕರು. ನಗು ಮಾತ್ರ ನನಗೆ ಎರಡೂ ಕಿವಿಗೆ ಕೇಳಿಸಿತು.

೬ ಅಕ್ಟೋಬರ್

ಇವತ್ತಿನ ಊರಿನಲ್ಲಿ ಒಬ್ಬರ ಮನೆಯಲ್ಲಿ ಊಟ. ನನಗೂ ವಿಶಾಲಮ್ಮನಿಗೂ ಒಳಗೆ ಎಲೆ. ಮುದುಕನಿಗೆ ಹೊರಗೆ, ಕೊಟ್ಟಿಗೆ ಪಕ್ಕ. ಅವನ ಬಾಯಿಂದ ಒಂದು ಹೊತ್ತು ಬಿಡುವು ಸಿಕ್ಕಿತಲ್ಲ ಎಂದು ನೆಮ್ಮದಿಯಾಗಿ ಉಂಡೆ.

೧೧ ಅಕ್ಟೋಬರ್, ನಂಜನಗೂಡು

ಚಂದ್ರು ಅಂಗಡಿಗೆ ಬಂದಿದ್ದ! ಹೊಸ ಗಿಟಾರಿನವನು ಕೈಕೊಟ್ಟು ಓಡಿಹೋಗಿದ್ದಾನೆ. ನವೆಂಬರ್ ಒಂದಕ್ಕೆ ನಂಜನಗೂಡಿನಲ್ಲೇ ರಾಜ್ಯೋತ್ಸವದ ಶೋ ಇದೆ.

'ಆಗಿದ್ದಾಯ್ತು, ಬಾರೋ. ನೀನಿಲ್ದೆ ಬ್ಯಾಂಡು ಸಪ್ಪೆ,' ಎಂದ. ಹಾಗನ್ನಲು ಅವನಿಗೆ ಎಷ್ಟು ಕಷ್ಟವಾಯಿತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ನೋಡಲು ನಾಲ್ಕು ತಿಂಗಳು ಕಾದಿದ್ದೆ.

ಡಾಕ್ಟರು ಹೇಳಿದ್ದು ನೆನಪಿದೆ. ಒಂದೇ ಶೋ. ಒಂದು ಶೋಗೆ ಕಿವಿ ಬಿದ್ದುಹೋಗುವುದಿಲ್ಲ.

೧೫ ಅಕ್ಟೋಬರ್, ಟಿ. ನರಸೀಪುರ

ಮತ್ತೊಂದು ಊರು, ಮತ್ತೆ ಅದೇ ಏರ್ಪಾಡು: ಒಳಗೆ ಎರಡು ಎಲೆ, ಹೊರಗೆ ಒಂದು. ಒಳಗೆ ವಿಪರೀತ ಸೆಕೆ ಇತ್ತು. ನನ್ನ ಎಲೆ ಎತ್ತಿಕೊಂಡು ಹೊರಗೇ ಹೋಗಿ ಕೂತೆ. ಮುದುಕ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

'ಯಾಕ್ ಸಾ ಇಲ್ಲಿ?'

'ಸೆಕೆ.'

'ನನ್ ಪಕ್ಕ ಕೂತ್ಕಂಡ್ ದೊಡ್ ಮನ್ಸ ಆಗಕ್ ಬಂದ್ರಾ? ಉಂಡ್ಬುಟ್ ನೀವು ಓಯ್ತೀರ. ನಾಳೆ ಈ ಊರ್ಗೆ ನಾನ್ ಇನ್ನೊಂದ್ ದಪ ಬರ್ಬೇಕು. ಇವ್ರು ನನ್ ಮ್ಯಾಲೆ ಮುಖ ಬಿಗ್ಕಂಡಿರ್ತಾರೆ.'

'ಸೆಕೆ ಅಂದ್ನಲ್ಲ,' ಎಂದೆ.

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಉಂಡೆವು. ಸಾರಿಗೆ ಉಪ್ಪು ಜಾಸ್ತಿ.

ಸಂಜೆಯ ಕಾರ್ಯಕ್ರಮದಲ್ಲಿ ಅವನ ಪದಕ್ಕೆ ನಾನು ಬಾರಿಸಲಿಲ್ಲ. ಬೇಜಾರಾಗಿತ್ತು. ಸುಮ್ಮನೆ ಕೂತು ನೋಡುತ್ತಿದ್ದೆ. ಸಾಲು ಮುಗಿದಾಗ ಅವನ ಭುಜ ಎರಡೂ ಒಂದು ಚೂರು ಮೇಲೆದ್ದು ಇಳಿಯುತ್ತದೆ, ಆಮೇಲೆ ಮುಂದಿನ ಸಾಲು ಬರುತ್ತದೆ. ಪ್ರತಿ ಸಲವೂ ಹಾಗೇ. ಬರೆಯಲು ಬೇರೇನೂ ಇಲ್ಲದ್ದಕ್ಕೆ ಬರೆದೆ.

೧ ನವೆಂಬರ್, ನಂಜನಗೂಡು

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಮೈದಾನ ತುಂಬಿತ್ತು. ಮೊದಲ ಹಾಡು ಚೆನ್ನಾಗಿ ಹೋಯಿತು. ಹೆಗಲ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಭಾರ ಬಿದ್ದ ಕೂಡಲೇ ಮೈ ಬಿಸಿಯಾಯಿತು. ಇದು ನನ್ನ ಜಾಗ, ಆ ಕೊಟ್ಟಿಗೆ ಪಕ್ಕದ ಊಟವಲ್ಲ ಅಂದುಕೊಂಡೆ. ಎರಡನೇ ಹಾಡಿನ ನಡುವೆ ಬ್ಯಾಂಡು ಮೇಲಿನ ಶ್ರುತಿಗೆ ಹತ್ತಬೇಕು. ಅವರು ಹತ್ತಿದರು. ನಾನು ಹತ್ತಲಿಲ್ಲ. ನನಗೆ ಗೊತ್ತಾಗಲಿಲ್ಲ. ಕಿವಿಯೊಳಗೆ ಶಿಳ್ಳೆ, ಶಿಳ್ಳೆಯ ಹಿಂದೆ ಡ್ರಮ್ಸಿನ ದಡದಡ, ಅದು ಬಿಟ್ಟರೆ ಏನೂ ಇಲ್ಲ. ಬೆರಳಿನ ಲೆಕ್ಕದಲ್ಲೇ ಬಾರಿಸಿದೆ. ಸೋಲೋ ಬಂತು, ಕಣ್ಣು ಮುಚ್ಚಿ, ಬೆನ್ನು ಹಿಂದಕ್ಕೆ ಬಾಗಿಸಿ, ಜೀವ ತೇಯ್ದು ಬಾರಿಸಿದೆ.

ಕಣ್ಣು ಬಿಟ್ಟಾಗ ಮುಂದಿನ ಸಾಲಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ಒಬ್ಬ ಬೆರಳು ಮಾಡಿ ತೋರಿಸಿದ. ತಿರುಗಿ ನೋಡಿದೆ. ನನ್ನ ಆಂಪ್ಲಿಫೈಯರಿನ ಕೆಂಪು ದೀಪ ಆರಿತ್ತು. ಚಂದ್ರು ಅದರ ಪಕ್ಕ ನಿಂತಿದ್ದ, ಕಿತ್ತ ಪ್ಲಗ್ಗು ಕೈಯಲ್ಲಿ ಹಿಡಿದು.

ಯಾವಾಗ ಕಿತ್ತನೋ. ಇಡೀ ಸೋಲೋ ಸದ್ದಿಲ್ಲದ ಗಿಟಾರನ್ನು ಬಾರಿಸಿದ್ದೇನೆ, ನಮ್ಮೂರಿನವರ ಮುಂದೆ, ನನಗೇ ಗೊತ್ತಿಲ್ಲದೆ.

ವೇದಿಕೆ ಇಳಿಯುವಾಗ ಚಂದ್ರು ಏನೋ ಹೇಳಿದ. ತುಟಿ ಆಡಿದ್ದು ಕಂಡಿತು. ಮಾತು ಕೇಳಿಸಲಿಲ್ಲ.

೨ ನವೆಂಬರ್

ಅಮ್ಮ ಬಾಗಿಲು ಬಡಿದಳಂತೆ, ನನಗೆ ಕೇಳಿಸಲಿಲ್ಲ. ಕಿಟಕಿಯಿಂದ ಕೋಲಿನಲ್ಲಿ ತಿವಿದು ಎಬ್ಬಿಸಿದಳು. ಎಲ್ಲ ಹೇಳಿದೆ. ಅತ್ತಳು. ನನಗೆ ಸಿಟ್ಟು ಬಂತು. ಅಳುವ ಸದ್ದೂ ಕೇಳಿಸುತ್ತಿರಲಿಲ್ಲ.

೯ ನವೆಂಬರ್, ಟಿ. ನರಸೀಪುರ

ಬಲಗಿವಿ ಐದನೇ ದಿನಕ್ಕೆ ಅರ್ಧ ವಾಪಸ್ಸು ಬಂದಿದೆ. ಎಡಗಿವಿ ಪೂರ್ತಿ ಹೋಯಿತು. ತಂಡ ಬಿಡುತ್ತೇನೆ ಎಂದು ಭಾವನಿಗೆ ಹೇಳಿ ಬರೋಣ ಅಂತ ಬಂದೆ. ಹಜಾರದಲ್ಲಿ ಅವರಿಬ್ಬರೂ ಕೂತಿದ್ದರು. ವಿಶಾಲಮ್ಮ ತನ್ನ ಚಾಪೆಯನ್ನು ನನ್ನ ಬಲಕ್ಕೆ ಎಳೆದುಕೊಂಡಳು. ಇವತ್ತು ಮೊದಲ ಸಲ ಕೇಳಿದೆ, ಯಾಕಮ್ಮಾ ಯಾವಾಗಲೂ ಈ ಕಡೆಗೇ ಬರ್ತೀಯ ಅಂತ.

'ಆ ಕಡೆ ಮಾತಾಡಿದ್ರೆ ನಿಂಗ್ ತಿಳಿಯಕಿಲ್ವಲ್ಲಪ್ಪಾ,' ಎಂದಳು. 'ನಮ್ ಮಾವನ್ಗೂ ಇಂಗೇ ಆಗಿತ್ತು. ಬಂದ್ ವಾರಕ್ಕೇ ಗೊತ್ತಾಯ್ತು ನಂಗೆ.'

ಗೊತ್ತಿತ್ತಂತೆ. ಎರಡು ತಿಂಗಳಿಂದ.

ಮುದುಕ ಎಲೆಅಡಿಕೆ ಉಗಿದು ಬಂದ. 'ಆವತ್ತು ನಂಜನಗೂಡಲ್ಲಿ ನಾನೂ ಇದ್ದೆ ಕಣ್ಲಾ,' ಎಂದ. 'ಸಾ' ಹೋಗಿ 'ಲಾ' ಬಂದಿತ್ತು. 'ನನ್ ಮಗಳ ಮನೆ ಅಲ್ಲೇ. ಕರೆಂಟ್ ಕಿತ್ ಮೇಲೂ ನೀನ್ ಬಾರಿಸ್ತಾನೇ ಇದ್ದೆ. ಒಂದ್ ಚಣ ನಂಗನ್ನುಸ್ತು, ಪರವಾಗಿಲ್ಲ, ಇವ್ನು ಆಟಗಾರ, ಕರೆಂಟಿನ್ ಹಂಗೂ ಇಲ್ಲ ಅಂತ. ಆಮ್ಯಾಕ್ ತಿಳೀತು, ಕಿವುಡ ಅಂತ.'

ಎದ್ದು ಅವನ ಅಂಗಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ, ಹೆದರಲೂ ಇಲ್ಲ.

'ಒಡುದ್ರೆ ಕಿವಿ ಬತ್ತದಾ? ಬತ್ತದೆ ಅಂದ್ರೆ ಒಡಿ.'

ಬಿಟ್ಟೆ. ಅವನು ಅಂಗಿ ಸರಿ ಮಾಡಿಕೊಂಡು, ಗಿಟಾರನ್ನು ನನ್ನ ತೊಡೆಯ ಮೇಲೆ ತಾನೇ ಇಟ್ಟ. ನನ್ನ ತಲೆಯನ್ನು ಒರಟಾಗಿ ಬಗ್ಗಿಸಿ, ಗದ್ದವನ್ನು ಗಿಟಾರಿನ ಮರದಂಚಿಗೆ ಒತ್ತಿದ. 'ಮೀಟು ಈಗ. ಮೇಲಿನ ದಪ್ಪದ್ದು.'

ಮೀಟಿದೆ. ಸದ್ದು ದವಡೆಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹತ್ತಿತು. ಕಿವಿಯ ಹಂಗಿಲ್ಲದೆ.

'ಸಂತೆ ಗದ್ಲದಾಗೆ ತಂಬೂರಿ ಕೇಳಕಿಲ್ಲ ಅಂದ್ರೆ ನಾವೂ ಇಂಗೇ ಮಾಡದು. ಇನ್ನ ನನ್ ಗಂಟ್ಲ ಕೇಳ್ಬ್ಯಾಡ, ನೋಡು. ನಾನ್ ಉಸುರ್ ತಗೋವಾಗ ನೀನ್ ಬಾ, ನಾನ್ ಬತ್ತಿದ್ದಂಗೆ ನೀನ್ ಓಗು. ಅಷ್ಟೇ ಕಣ್ಲಾ ಇರದು. ಅದು ಬುಟ್ಟು ಆರ್ ತಂತಿ ಮೇಲೂ ಓಡಾಡ್ತೀಯ, ಬೀದಿ ನಾಯ್ ತರ.'

ಉಸಿರು ತೆಗೆದುಕೊಳ್ಳುವಾಗ ಭುಜ ಏಳುವುದನ್ನು ನಾನಾಗಲೇ ನೋಡಿದ್ದೇನೆ ಎಂದು ಹೇಳಲಿಲ್ಲ. ಅವನಿಗೆ ಅಷ್ಟು ಸಂತೋಷ ಯಾಕೆ ಕೊಡಬೇಕು?

ತಂಡ ಬಿಡುವ ವಿಷಯ ಭಾವನಿಗೆ ಹೇಳಲು ಮರೆತೆ.

೨೨ ನವೆಂಬರ್

ಹದಿಮೂರು ದಿನದಲ್ಲಿ ಒಂಬತ್ತು ಊರು. ಮುದುಕನ ಜೊತೆ ಒಂಬತ್ತು ಜಗಳ. ಮೊನ್ನೆಯದು ಮೂರನೇ ತಂತಿಯ ಬಗ್ಗೆ. ಅದು ಅರ್ಧ ಎಳೆ ಇಳಿದಿತ್ತು ಅಂತ ಅವರು, ಇಳಿದಿರಲಿಲ್ಲ ಅಂತ ನಾನು. ವಿಶಾಲಮ್ಮನನ್ನು ಪಂಚಾಯ್ತಿಗೆ ಕರೆದರೆ, 'ಎಮ್ಮೆಗಳೇ ವಾಸಿ, ಒದ್ದು ಸುಮ್ನಾಯ್ತವೆ,' ಎಂದರು.

ಈಗ ಎರಡೇ ತಂತಿ ಬಾರಿಸುತ್ತಿದ್ದೇನೆ. ಮೂರನೆಯದು ಬೇಕಾದಾಗ ಮಾತ್ರ. ಕೈಯಲ್ಲಿ ಕೆಲಸವಿಲ್ಲದ ಹಾಗಿರುತ್ತದೆ, ಆದರೆ ಮುಗಿದ ಮೇಲೆ ದಣಿವಾಗಿರುತ್ತದೆ. ಯಾಕೋ ಗೊತ್ತಿಲ್ಲ.

ಬಸ್‌ಸ್ಟ್ಯಾಂಡಿನ ಪೋಸ್ಟರು ಇನ್ನೂ ಇದೆಯೋ ಎಂದು ಅಮ್ಮನಿಗೆ ಫೋನಿನಲ್ಲಿ ಕೇಳೋಣ ಅಂದುಕೊಂಡೆ. ಆಮೇಲೆ ಬೇರೇನೋ ಮಾತಾಡಿ ಇಟ್ಟುಬಿಟ್ಟೆ.

೬ ಡಿಸೆಂಬರ್

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಈ ಪುಟ ಗಲೀಜಾಗುತ್ತದೆ.

ಊರಿನ ಯಜಮಾನರೊಬ್ಬರ ಮನೆಯಂಗಳದಲ್ಲಿ ಕಾರ್ಯಕ್ರಮ. ಸುತ್ತ ಕಾಂಪೌಂಡು, ಕಬ್ಬಿಣದ ಗೇಟು, ಬಾಡಿಗೆ ಮೈಕ್‌ಸೆಟ್ಟು, ಕುರ್ಚಿಗಳು. ಮೈಕು ಗೊರಗೊರ ಎನ್ನುತ್ತಿತ್ತು. ನನ್ನ ಕಸುಬೇ ಅದಾದ್ದರಿಂದ ಬಗ್ಗಿ ವೈರು ಸರಿ ಮಾಡುತ್ತಿದ್ದೆ. ತಲೆ ಎತ್ತಿದಾಗ ಯಜಮಾನ ಭಾವನ ಹತ್ತಿರ ಏನೋ ಹೇಳುತ್ತಿದ್ದ, ಭಾವ ಕೈ ಕೈ ಉಜ್ಜಿಕೊಳ್ಳುತ್ತಿದ್ದರು. ಚಿಕ್ಕಮಾದು ಗೇಟಿನ ಆಚೆಯೇ ಇದ್ದರು.

'ಅವ್ನು ಒಳಿಕ್ ಬರದ್ ಬ್ಯಾಡ ಮೇಷ್ಟ್ರೇ,' ಎನ್ನುತ್ತಿದ್ದ ಯಜಮಾನ. 'ಮನೆ ದೇವ್ರಿಗ್ ದೀಪ ಹಚ್ಚೀವಿ. ಅಲ್ಲೇ ಗೇಟ್ ತಾವ ನಿಂತ್ಕಂಡ್ ಹಾಡ್ಲಿ, ಮೈಕ್ ಅಲ್ಲೀಗಂಟ ಎಳೀರಿ.'

ವೈರು ಎಳೆದು ನೋಡಿದರು. ಗೇಟಿಗೆ ಹತ್ತು ಅಡಿ ಸಾಲಲಿಲ್ಲ.

'ಅಂಗಾರೆ ಬುಡಿ, ನೀವಿಬ್ರೇ ಹಾಡ್ಬುಡಿ,' ಎಂದ ನನ್ನ ಕಡೆ ತಿರುಗಿ. 'ಗಿಟಾರ್ ಅದಲ್ಲ, ಸಾಕು.'

ನಾನು ಗೇಟಿನ ಕಡೆ ನೋಡಿದೆ. ಅವರು ಬೀದಿಯ ಮೋರಿ ಕಲ್ಲಿನ ಮೇಲೆ ಕೂತು ತಂಬೂರಿಯನ್ನು ಚೀಲಕ್ಕೆ ಹಾಕಿ ದಾರ ಕಟ್ಟುತ್ತಿದ್ದರು. ಅರ್ಧ ಎಳೆ ತಂತಿಗೆ ನನ್ನ ಜೊತೆ ಒಂದು ಗಂಟೆ ಜಗಳ ಆಡುವ ಮನುಷ್ಯ, ಮುನ್ನೂರು ಜನರೆದುರು ನನ್ನ ಮಾನ ಕಳೆದ ಮನುಷ್ಯ, ಇಲ್ಲಿ ತಲೆ ತಗ್ಗಿಸಿ ದಾರ ಕಟ್ಟುತ್ತಿದ್ದಾರೆ! ಗಂಟು ಬಹಳ ಅಚ್ಚುಕಟ್ಟಾಗಿತ್ತು. ಎಷ್ಟು ಸಲ ಕಟ್ಟಿ ಅಭ್ಯಾಸವಾಗಿದೆಯೋ. ಯಜಮಾನನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಆ ಗಂಟಿನ ಮೇಲೆ ಬಂತು.

ಮೈಕಿನ ಪ್ಲಗ್ಗು ಕಿತ್ತೆ. ಗಿಟಾರು ಎತ್ತಿಕೊಂಡು ಗೇಟು ದಾಟಿದೆ. ಹಿಂದೆಯೇ ವಿಶಾಲಮ್ಮ ಬಂದರು, ಚಪ್ಪಲಿಯನ್ನೂ ಮೆಟ್ಟದೆ.

'ನಿಂಗೇನ್ಲಾ ಬಂದದ್ದು? ಒಳಿಕ್ ಓಗು,' ಎಂದರು ಚಿಕ್ಕಮಾದು.

'ಬಿಚ್ಚಿ ಅದನ್ನ.'

'ಸುಮ್ಕೆ ಓಗ್ಲಾ. ನಿಂಗ್ ಇವೆಲ್ಲ ತಿಳಿಯಕಿಲ್ಲ.'

'ಶ್ರುತಿ ಕೊಡ್ತೀರೋ ಇಲ್ವೋ?' ಎಂದು ಕೂಗಿದೆ. ದಾರಕ್ಕೆ ನಾನೇ ಕೈ ಹಾಕಿದೆ. ಅವರು ನನ್ನ ಕೈಗೆ ಹೊಡೆದರು, ಪಟ್ ಅಂತ. ಆಮೇಲೆ ತಾವೇ ಬಿಚ್ಚಿದರು.

ಮೋರಿ ಕಲ್ಲಿನ ಮೇಲೆ ಮೂವರೂ ಕೂತೆವು. ಗದ್ದವನ್ನು ಮರಕ್ಕೆ ಒತ್ತಿ ತಂತಿ ಕೂಡಿಸಿಕೊಂಡೆ. ಅವರು ಮಡಕೆಯ ಪದ ಎತ್ತಿದರು. ನನ್ನ ಕಣ್ಣು ಅವರ ಭುಜದ ಮೇಲಿತ್ತು. ಏಳುತ್ತದೆ, ನಾನು ಬರುತ್ತೇನೆ. ಇಳಿಯುತ್ತದೆ, ನಾನು ಹೋಗುತ್ತೇನೆ. ಯಾರಿಗಾದರೂ ಕೇಳುತ್ತಿದೆಯೋ ಇಲ್ಲವೋ ನನಗೆ ಗೊತ್ತಾಗುವ ಹಾಗಿರಲಿಲ್ಲ. ಅಷ್ಟು ಮೆಲ್ಲನೆ ನಾನು ಜೀವಮಾನದಲ್ಲೇ ಬಾರಿಸಿಲ್ಲ. ಜೋರು ಮಾಡಬೇಕು ಎಂದು ಅನ್ನಿಸಲಿಲ್ಲ. ವಿಶಾಲಮ್ಮ ನನ್ನ ಬಲಗಿವಿಯ ಹತ್ತಿರ ಪಲ್ಲವಿಗೆ ದನಿ ಸೇರಿಸಿದರು.

ಪದ ಮುಗಿದ ಮೇಲೆ ತಲೆ ಎತ್ತಿದೆ. ಬೀದಿ ತುಂಬಿತ್ತು. ಮೈಕಿಲ್ಲದೆ ಒಳಗೆ ಕೇಳಿಸದ್ದಕ್ಕೆ ಅಂಗಳದವರು ಒಬ್ಬೊಬ್ಬರಾಗಿ ಎದ್ದು ಬಂದಿದ್ದರು. ಕೇರಿಯ ಕಡೆಯಿಂದಲೂ ಬಂದಿದ್ದರು. ಎರಡು ಗುಂಪಿನ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟುಕೊಂಡೇ ನಿಂತಿದ್ದರು, ಅದೇನೂ ಮುಚ್ಚಿಹೋಗಲಿಲ್ಲ. ಅಂಗಳದಲ್ಲಿ ಖಾಲಿ ಕುರ್ಚಿಗಳು, ಯಜಮಾನ, ಮತ್ತು ಅವನನ್ನು ಬಿಟ್ಟು ಬರಲಾಗದೆ ನಿಂತ ಭಾವ. ಯಜಮಾನನ ತಾಯಿ, ಎಂಬತ್ತರ ಮುದುಕಿ, ಗೇಟಿನ ಸರಳು ಹಿಡಿದುಕೊಂಡು ಬಂದು ಹೊಸ್ತಿಲ ಕಲ್ಲಿನ ಮೇಲೆ ಕೂತಳು.

'ಇನ್ನೊಂದ್ ಯೋಳಪ್ಪ,' ಎಂದಳು.

ಹೇಳಿದರು. ಒಂದಲ್ಲ, ನಾಲ್ಕು.

೮ ಡಿಸೆಂಬರ್, ಟಿ. ನರಸೀಪುರ

ಯಜಮಾನ ದೂರು ಕೊಟ್ಟಿದ್ದಾನೆ. ಭಾವ ಒಂದು ಹಾಳೆ ಬರೆದು ತಂದಿದ್ದರು: ಕಾರ್ಯಕ್ರಮ ಕೆಡಿಸಿದ್ದಕ್ಕೆ ಮೂವರೂ ವಿಷಾದಿಸುತ್ತೇವೆ ಅಂತ. ಸಹಿ ಹಾಕಿದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ನಮ್ಮನ್ನು ಜಾಥಾದಿಂದ ತೆಗೆಯುತ್ತಾರೆ. ಜೀಪೂ ಇಲ್ಲ, ಮೈಕೂ ಇಲ್ಲ.

'ಒಂದು ಸಹಿ ಅಲ್ವೇನಪ್ಪಾ,' ಎಂದರು ಭಾವ. ಅವರ ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲ. ಪಾಪ ಅನ್ನಿಸಿತು, ಆದರೂ ಹಾಳೆ ಮುಟ್ಟಲಿಲ್ಲ.

ವಿಶಾಲಮ್ಮ ಹಾಳೆಯನ್ನು ಮಡಚಿ, ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಎಮ್ಮೆ ಕರೆಯಲು ಹೊತ್ತಾಯಿತು ಎಂದು ಎದ್ದು ಹೋದರು. ಹೋಗುವಾಗ ತಿರುಗಿ ಹೇಳಿದರು, 'ನಾಳೆ ಮೂಡಲ ಕಡೆ ಊರಲ್ಲವಾ? ನಾನ್ ಏಳೂವರೆ ಬಸ್ಸಿಗ್ ಬತ್ತೀನಿ. ಜಾಗ ಇಡಿದಿರಿ.'

ಹಾಳೆ ವಾಪಸ್ಸು ಕೇಳಲು ಭಾವ ಅವರ ಹಿಂದೆಯೇ ಹೋದರು. ಹಜಾರದಲ್ಲಿ ನಾವಿಬ್ಬರೇ ಉಳಿದೆವು. 'ನೀನ್ ಸಯಿ ಆಕ್ಬುಡ್ಲಾ,' ಎಂದರು ಚಿಕ್ಕಮಾದು. 'ನಂಗೇನು, ನಲವತ್ ವರ್ಸ ಬೀದೀಲೇ ಹಾಡ್ದೋನು. ನಿಂಗ್ ಯಾಕ್ ಬೇಕು ಇದು? ನನ್ಗೋಸ್ಕರ ಏನೂ ಮಾಡ್ಬ್ಯಾಡ.'

'ನಿಮಗೋಸ್ಕರ ಅಲ್ಲ!' ಎಂದೆ. 'ನಿಮಗೋಸ್ಕರ ಯಾವನು ಮಾಡ್ತಾನೆ? ನನಗೆ ಇಷ್ಟ ಇಲ್ಲ, ಅದಕ್ಕೆ ಹಾಕಲ್ಲ!'

ನನಗೆ ಗೊತ್ತಿಲ್ಲದೆ ದನಿ ಎಷ್ಟು ಏರಿತ್ತೆಂದರೆ, ಹೊರಗೆ ಗಂಟೆ ಬಾರಿಸುತ್ತಿದ್ದ ಜವಾನ ಬಾಗಿಲಿಗೆ ಬಂದು ಇಣುಕಿದ.

ಚಿಕ್ಕಮಾದು ಎದ್ದು, ನನ್ನನ್ನು ಸುತ್ತಿ ಬಂದು, ಬಲಗಡೆ ಕೂತರು.

'ಕಿರುಚ್ಬ್ಯಾಡ ಕಣ್ಲಾ,' ಎಂದರು. 'ನಂಗ್ ಕಿವಿ ಕೇಳ್ತದೆ.'